ಎರಡು ಮಿಲಿಮೀಟರಿನ ಜರಡಿಯಲ್ಲಿ ಉಳಿದದ್ದು

ಕೇಳಿ, ಇದೊಂದನ್ನು ಪೂರ್ತಿ ಕೇಳಿಬಿಡಿ, ಮರಳಿನ ಕಥೆ ತಾನೇ ಎಂದು ಮೂಗು ಮುರಿದು ಎದ್ದು ಹೋಗಬೇಡಿ, ಯಾಕೆಂದರೆ ಜರಡಿ ಅಲ್ಲಾಡಿಸುವ ಯಂತ್ರ ಈಗಷ್ಟೇ ನಿಂತಿದೆ, ಅದರ ಗರಗರ ಇನ್ನೂ ಅವಳ ಹಲ್ಲಿನ ಬೇರುಗಳಲ್ಲಿ ಉಳಿದಿದೆ, ಒಂದರ ಮೇಲೊಂದು ಕೂತ ಜರಡಿಗಳಲ್ಲಿ ಎಲ್ಲಕ್ಕಿಂತ ಮೇಲಿನದರಲ್ಲಿ, ಎರಡು ಮಿಲಿಮೀಟರಿನ ಕಣ್ಣಿನ ಜರಡಿಯಲ್ಲಿ, ಚಿಪ್ಪಿನ ಚೂರುಗಳ ನಡುವೆ ಏನೋ ಕೆಂಪಗೆ ಕಾಣುತ್ತಿದೆ — ಚಿಪ್ಪು ಇಷ್ಟು ಕೆಂಪಗಿರುವುದಿಲ್ಲ, ಪ್ಲಾಸ್ಟಿಕ್ ಇರಬೇಕು, ಕಡಲ ತಳದಲ್ಲಿ ಈಗ ಮೀನಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ, ಸರ್ವೆ ದೋಣಿಯಿಂದ ಮರಳಿನ ಚೀಲ ಹೊತ್ತು ತರುವ ಬಕೆಟ್ ಅಣ್ಣ ಇವತ್ತೂ ಅದನ್ನೇ ಹೇಳಿ ನಕ್ಕಿದ್ದ, ಜರಡಿ ಮೇಡಂ, ಮುಂದಿನ ಸಲ ತಳದಿಂದ ನಿಮಗೊಂದು ಕುರ್ಚೀನೇ ಎತ್ಕೊಂಡ್ಬರ್ತೀನಿ, ಕಾಲು ಚಾಚ್ಕೊಂಡು ಜರಡಿ ಹಿಡೀರಂತೆ — ಜರಡಿ ಮೇಡಂ, ಆ ಹೆಸರೇ ನಿಂತುಬಿಟ್ಟಿದೆ, ಬೆಳಿಗ್ಗೆ ಕಂಪ್ಯೂಟರಿನಲ್ಲಿ ಕಡಲ ತಳದ ನಕ್ಷೆ ತೊಳೆಯುವುದು, ಮಧ್ಯಾಹ್ನ ಅದೇ ತಳದ ಮರಳನ್ನು ಓವನ್ನಿನಲ್ಲಿ ಒಣಗಿಸಿ ದಪ್ಪ ಕಾಳೆಷ್ಟು ಸಣ್ಣ ಕಾಳೆಷ್ಟು ಎಂದು ಬೇರೆ ಮಾಡಿ ತೂಗುವುದು, ಕಿಟಕಿಯಲ್ಲಿ ಕ್ರೇನಿನ ಕುತ್ತಿಗೆ, ಬೆನ್ನಿಗೆ ಓವನ್ನಿನ ಬಿಸಿ, ಕೂದಲಿನಲ್ಲಿ ಉಪ್ಪಿನ ವಾಸನೆ, ಮನೆ ಬಾಗಿಲಲ್ಲೇ ಅಮ್ಮ, ತಲೆ ಕೊಡವಿ ಒಳಗೆ ಬಾರೇ, ಮನೇಲೂ ಬೀಚ್ ಮಾಡ್ಬೇಡ — ಅವಳು ಚಿಮಟದಲ್ಲಿ ಆ ಕೆಂಪು ಚೂರನ್ನು ಎತ್ತಿ ಬಿಳಿ ತಟ್ಟೆಯ ಮೇಲಿಟ್ಟು ಭೂತಗನ್ನಡಿ ಎಳೆದುಕೊಂಡಳು, ಬರೀ ಅಭ್ಯಾಸಬಲ, ಕಸವೋ ಕಾಳೋ ನೋಡಿ ಬಿಸಾಕುವುದಷ್ಟೇ — ಕೆಂಪು ಮೇಲೆ, ಅದರ ಕೆಳಗೆ ಹಳದಿ, ಹಳದಿಯ ಕೆಳಗೆ ಹಸಿರು, ಬಣ್ಣದ ಹಕ್ಕಳೆ ಅದು, ಮೂರು ಪದರ, ಮತ್ತು ಹಳದಿಯ ಪದರದಲ್ಲಿ ಸಿಕ್ಕಿಕೊಂಡ ಒಂದು ಕಪ್ಪು ಕೂದಲು, ಕೂದಲಲ್ಲ, ಗಡುಸಾದದ್ದು, ಬ್ರಷ್ಷಿನ ಎಳೆ.

ಬೂಟ್ ಪಾಲಿಶ್ ಬ್ರಷ್ಷಿನ ಎಳೆ. ಇಲ್ಲ, ಇರಲಾರದು, ಲೋಕದಲ್ಲಿ ಎಷ್ಟು ದೋಣಿ, ಎಷ್ಟು ಬಣ್ಣ, ಎಷ್ಟು ಬ್ರಷ್ಷು — ಆದರೆ ಹಸಿರಿನ ಮೇಲೆ ಹಳದಿ ಯಾವ ತಲೆ ನೆಟ್ಟಗಿರುವ ಪೇಂಟರ್ ಬಳಿಯುತ್ತಾನೆ, ಬಳಿದವಳು ಅವಳೇ, ರಜೆಯ ದಿನ, ದೋಣಿ ಕಟ್ಟೆಯ ಹಿಂದೆ, ಬಿಸಿಲು ನೆತ್ತಿ ಸುಡುತ್ತಿತ್ತು, ತಮ್ಮ ಯಾರೋ ಮೂಲೆಗೆ ತಳ್ಳಿದ್ದ ಮುರುಕು ದೋಣಿಯನ್ನು ತಂದು ಹಲಗೆ ಬದಲಿಸಿ ಮಗುವಿನಂತೆ ಮೈದಡವುತ್ತಿದ್ದ, ಪಾರ್ಕಿನ ಬೆಂಚಿಗೆ ಬಳಿದು ಉಳಿದ ಹಸಿರು ಅರ್ಧಕ್ಕೇ ತೆಳ್ಳಗಾಯಿತು, ಅವಳು ಹಳದಿ ತಂದಳು, ಇದ್ದ ಒಳ್ಳೆಯ ಬ್ರಷ್ಷು ಒಣಗಿ ಕಲ್ಲಾಗಿತ್ತು, ಆದದ್ದಾಗಲಿ ಎಂದು ಬೂಟ್ ಪಾಲಿಶ್ ಬ್ರಷ್ಷಿನಲ್ಲೇ ಬಳಿದಳು, ಎಳೆ ಉದುರಿ ಉದುರಿ ಹಳದಿಗೆಲ್ಲ ಅಂಟಿಕೊಂಡವು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಅಕ್ಕಾ, ದೋಣಿಗೆ ಮೀಸೆ ಬಂತಲ್ಲೇ, ಬಾಯ್ಮುಚ್ಕೊಂಡು ಕೆಂಪು ಬಳಿಯೋ, ಮುಚ್ಚಿಹೋಗುತ್ತೆ, ಬಳಿದ ಮೇಲೆ ದೂರ ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದ, ಒಳಗೆ ಹಸಿರು, ನಡುವೆ ಹಳದಿ, ಮೇಲೆ ಕೆಂಪು, ಇದು ದೋಣಿಯಲ್ಲ ಕಣೇ, ಸಿಗ್ನಲ್ಲು — ಅಷ್ಟೇ ಸಾಕಾಯಿತು, ಕಟ್ಟೆಯಲ್ಲಿ ಅವನು ಕಂಡರೆ ಎಲ್ಲರೂ, ಲೋ, ಸಿಗ್ನಲ್ ಬಂತು, ನಿಲ್ಸ್ರೋ ಗಾಡಿ — ಅವನೂ ನಗುತ್ತಿದ್ದ, ಅವನಿಗೆ ಯಾರ ಮಾತೂ ತಾಗುತ್ತಿರಲಿಲ್ಲ, ಅಮ್ಮನದೊಂದು ಬಿಟ್ಟು. ಅವನು ಹೋದ ಆ ಬೆಳಿಗ್ಗೆ ತಾಗಿತು. ಕೆಲಸ ಇಲ್ಲ ಕಾರ್ಯ ಇಲ್ಲ, ಆಟದ ದೋಣಿ ಇಟ್ಕೊಂಡು ಎಷ್ಟು ದಿನಾಂತ ಅಕ್ಕನ ಅನ್ನ ತಿಂತೀಯೋ ಎಂದಳು ಅಮ್ಮ, ಅವನು ತಟ್ಟೆ ಸರಿಸಿ ಎದ್ದ, ಸರಿ ಬಿಡು, ಯಾವ್ದಾದ್ರೂ ಹಡಗು ಹತ್ತಿ ದೇಶಾಂತರ ಹೋಗ್ತೀನಿ, ನೆಮ್ಮದಿಯಾಗಿರು, ಹೋಗೋ ಹೋಗೋ, ಹಡಗಿನೋರು ನಿನ್ನ ಮುಖ ನೋಡಿ ಕರ್ಕೊಂಡ್ಬಿಡ್ತಾರೆ — ಬಾಗಿಲಲ್ಲಿ ಅವಳಿಗೆ ಮಾತ್ರ ಹೇಳಿದ, ದೋಣಿ ತಗೊಂಡು ಬಂಡೆಗಳ ಕಡೆ ಹೋಗಿ ಸಂಜೆಗೆ ಬರ್ತೀನಿ, ಅಷ್ಟರೊಳಗೆ ಅಮ್ಮನ್ನ ತಣ್ಣಗೆ ಮಾಡಿಡು. ಅಮ್ಮ ತಣ್ಣಗಾದಳು. ಅವನು ಬರಲಿಲ್ಲ. ಎಲ್ಲರೂ ಬಂಡೆಗಳ ಕಡೆ ಹುಡುಕಿದರು, ಹಲಗೆಯೊಂದೂ ತೇಲಿ ಬರಲಿಲ್ಲ, ಅಮ್ಮ ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು, ಡಾಕ್ಟರು ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದರು, ಹೀಗೇ ಆದ್ರೆ ಕಷ್ಟ, ಬದುಕ್ಬೇಕು ಅಂತ ಅವ್ರಿಗೇ ಅನ್ನಿಸ್ಬೇಕು — ಆಮೇಲೆ ಒಬ್ಬ ನಾವಿಕ ಬಂದು, ಆಚೆ ದೇಶದ ಬಂದರಿನಲ್ಲಿ ನಿಮ್ಮ ಹುಡುಗನ ಥರಾನೇ ಒಬ್ಬನ್ನ ನೋಡ್ದೆ ಎಂದ, ಥರಾನೇ ಎಂದ, ಅವನೇ ಎನ್ನಲಿಲ್ಲ, ಅಮ್ಮನಿಗೆ ಅಷ್ಟೇ ಸಾಕಾಯಿತು, ಎದ್ದು ಮುಖ ತೊಳೆದಳು, ನೋಡ್ದ್ಯಾ ಹಠಮಾರಿ ನನ್ಮಗನ್ನ, ಹೇಳಿದ್ದನ್ನ ಮಾಡೇಬಿಟ್ಟ, ಬರ್ಲಿ, ಬಂದ್ಮೇಲೆ ಮೊದ್ಲು ಕಪಾಳಕ್ಕೆ ಎರಡು ಬಿಟ್ಟು ಆಮೇಲೆ ಊಟಕ್ಕೆ ಹಾಕ್ತೀನಿ.

ಚೀಲದ ಮೇಲಿನ ಚೀಟಿ, ಚೀಟಿ ಎಲ್ಲಿ, ಯಾವ ಜಾಗದ ಮರಳು ಇದು — ಎರಡು ಮರಳ ಅಲೆಗಳ ನಡುವಿನ ತಗ್ಗು, ಹಡಗುಗಳು ಬಂದರಿಗೆ ಬರುವ ಹೊರ ಕಾಲುವೆಯ ಬಲಕ್ಕೆ, ಬಂಡೆಗಳಿಂದ ಎಷ್ಟೋ ದೂರ, ಅಲ್ಲಿಗೆ ಅವನು ಹೇಗೆ ಹೋದ, ಇಂಜಿನ್ ಕೆಟ್ಟು ಸೆಳೆತಕ್ಕೆ ಸಿಕ್ಕಿರಬೇಕು, ಇಳಿತದ ಸೆಳೆತ ಬಂಡೆಗಳಿಂದ ಅತ್ತಲೇ ಎಳೆಯುತ್ತದೆ, ಅದು ಅವಳಿಗೆ ಗೊತ್ತು, ಮರಳಿನ ಕಾಳುಗಳು ಹೋಗುವುದೂ ಆ ದಾರಿಯಲ್ಲೇ — ಮರಳ ಅಲೆ ಅಂದ್ರೆ ಏನಕ್ಕಾ ಎಂದು ಅವನು ಒಮ್ಮೆ ಕೇಳಿದ್ದ, ಅವಳು ಹಾಸಿಗೆಯ ಹೊದಿಕೆಯನ್ನು ಮಡಿಕೆ ಮಡಿಕೆಯಾಗಿ ಎಬ್ಬಿಸಿ ತೋರಿಸಿದ್ದಳು, ನೋಡು, ನೀರಿನ ಅಡಿಯಲ್ಲೂ ದಿಬ್ಬ, ತಗ್ಗು, ದಿಬ್ಬ, ತಗ್ಗು, ಒಂದೊಂದು ದಿಬ್ಬ ಎರಡು ಮಹಡಿ ಮನೆಯಷ್ಟೆತ್ತರ, ಸೆಳೆತ ಬಂದಾಗ ಕಾಳುಗಳು ಈ ಇಳಿಜಾರಿನಲ್ಲಿ ಉರುಳಿಕೊಂಡು ಹತ್ತುತ್ತವೆ, ನೆತ್ತಿ ದಾಟಿ ಆಚೆಯ ಕಡಿದಾದ ಕಡೆಗೆ ಬೀಳುತ್ತವೆ, ಹತ್ತಿ ಬೀಳುವುದು, ಹತ್ತಿ ಬೀಳುವುದು, ಹಾಗೇ ಇಡೀ ದಿಬ್ಬ ಮುಂದಕ್ಕೆ ನಡೆಯುತ್ತದೆ, ಅವನು ಹೊದಿಕೆಯ ಕೆಳಗೆ ತೂರಿಕೊಂಡು, ಸರಿ, ನಡೀತಾ ನನ್ನ ಮೇಲೆ ಬಂದ್ರೆ, ಬಂದ್ರೆ ಮುಚ್ಚಿಹಾಕುತ್ತೆ, ಆಮೇಲೆ, ಆಮೇಲೆ ದಾಟಿ ಹೋಗುತ್ತೆ, ನೀನು ಮತ್ತೆ ತಗ್ಗಿನಲ್ಲಿ ಕಾಣ್ತೀಯ, ಹಂಗಾದ್ರೆ ಭಯ ಇಲ್ಲ ಬಿಡು, ಎಂದು ಹೊದಿಕೆಯಿಂದ ತಲೆ ಹೊರಗೆ ಹಾಕಿ ಭೋ ಎಂದು ಕೂಗಿದ್ದ. ಎಷ್ಟು ಬೇಗ ನಡೆಯುತ್ತದೆ ಎನ್ನುವುದೆಲ್ಲ ಕಾಳಿನ ಲೆಕ್ಕ, ದಪ್ಪ ಕಾಳು ಸೋಮಾರಿ, ಸಣ್ಣ ಕಾಳು ಚುರುಕು, ಈ ತಗ್ಗಿನ ಮರಳು ಅರ್ಧ ಮಿಲಿಮೀಟರಿನ ಹತ್ತಿರ, ಚೊಕ್ಕ, ಕೆಸರಿಲ್ಲ — ಹಾಗಾದರೆ ಅವನು ಮುಳುಗಿದ ಮೇಲೆ ದಿಬ್ಬವೊಂದು ಬಂದು ಅವನನ್ನು ಮುಚ್ಚಿತ್ತು, ಈಗ ದಾಟಿದೆ, ಈಗ ಕಾಣುತ್ತಾನೆ, ಮತ್ತು ಹಿಂದಿನ ದಿಬ್ಬ ಬರುತ್ತಿದೆ — ಬೆಳಿಗ್ಗೆ, ದೇವರೇ, ಬೆಳಿಗ್ಗೆ ಅವಳು ಆ ತಗ್ಗನ್ನು ನೋಡಿದ್ದಳಲ್ಲ.

ನೋಡಿದ್ದಳು, ತೊಳೆದಿದ್ದಳು. ನೀರೊಳಗೆ ಸದ್ದು ಬಿಟ್ಟು ತಳ ಅಳೆಯುವ ಸೋನಾರ್ ತಂದ ಚುಕ್ಕಿಗಳು ಪರದೆಯ ತುಂಬ, ಕೆಳಗೆ ತಳದ ಗೆರೆ ದಿಬ್ಬ ತಗ್ಗು ದಿಬ್ಬ ತಗ್ಗು, ಅದರ ಮೇಲೆ ಅಲ್ಲಲ್ಲಿ ತೇಲುವ ಚುಕ್ಕಿಗಳು, ಮೀನಿನ ಹಿಂಡು, ನೀರಿನ ಗುಳ್ಳೆ, ಯಂತ್ರದ ಸುಳ್ಳು, ಅವನ್ನೆಲ್ಲ ಮೌಸಿನಿಂದ ಸುತ್ತುಗಟ್ಟಿ ಅಳಿಸುವುದೇ ಕೆಲಸ, ಅವಳ ಕೈ ಅದರಲ್ಲಿ ಚಕಚಕ, ಪಕ್ಕದ ಕುರ್ಚಿಯವರು ಒಂದು ಸಾಲು ಮುಗಿಸುವುದರೊಳಗೆ ಇವಳದು ನಾಲ್ಕು, ಅರ್ಜೆಂಟ್ ಸರ್ ಬೆನ್ನ ಹಿಂದೆ ನಿಂತು ಮೆಚ್ಚಿಕೊಂಡಿದ್ದರು, ಎಲ್ಲದಕ್ಕೂ ಅರ್ಜೆಂಟ್ ಅರ್ಜೆಂಟ್ ಎನ್ನುವ ಅವರ ಬಾಯಲ್ಲಿ ಹೊಗಳಿಕೆಯೂ ಅರ್ಜೆಂಟಾಗೇ ಬರುತ್ತದೆ, ಇವಳ್ನ ನೋಡಿ ಕಲೀರ್ರಪ್ಪ, ಪೊರಕೆ ಹಿಡಿದ್ರೆ ಕಡಲೇ ಕ್ಲೀನು — ಆ ತಗ್ಗಿನಲ್ಲಿ ಒಂದು ಗುಪ್ಪೆ ಚುಕ್ಕಿ ಎದ್ದು ನಿಂತಿತ್ತು, ಮೀನು ಎಂದುಕೊಂಡಳು, ಎಂದುಕೊಳ್ಳಲೂ ಇಲ್ಲ, ಕೈಯೇ ಎಂದುಕೊಂಡಿತು, ಸುತ್ತುಗಟ್ಟಿತು, ಅಳಿಸಿತು, ಮುಂದಿನ ಸಾಲಿಗೆ ಹೋಯಿತು, ಅದೇ ಹೊತ್ತಿಗೆ ಅವಳು ಚಹಾ ತಣ್ಣಗಾಯಿತಲ್ಲ ಎಂದು ಬೈದುಕೊಳ್ಳುತ್ತಿದ್ದಳು, ಒಂದು ಗುಟುಕು ಚಹಾ — ಅವಳು ಓಡಿದಳು, ಕಾರಿಡಾರು, ಕಾಲಡಿಯಲ್ಲಿ ಚೆಲ್ಲಿದ ಮರಳು ಜರಜರ, ಕುರ್ಚಿ ಎಳೆದಳು, ಅಳಿಸಿದ ಚುಕ್ಕಿಗಳು ಸಾಯುವುದಿಲ್ಲ, ಮರೆಗೆ ಸರಿದಿರುತ್ತವೆ ಅಷ್ಟೇ, ಕರೆದರೆ ಬರುತ್ತವೆ, ಬಾ, ಬಾರೋ, ಬಾ — ಬಂದವು, ಬೂದು ಬಣ್ಣದಲ್ಲಿ, ಒಂದು ಕಡೆಯಿಂದ ನೋಡಿದರೆ ಮೀನು, ಹೌದು ಮೀನೇ, ಚಿತ್ರವನ್ನು ತಿರುಗಿಸಿದಳು, ಮೀನಲ್ಲ, ಇನ್ನಷ್ಟು ತಿರುಗಿಸಿದಳು, ಮೂತಿ, ಹೊಟ್ಟೆ, ಬಾಗಿದ ಬೆನ್ನು, ನಡುವಿನಿಂದ ಎದ್ದು ಅರ್ಧಕ್ಕೆ ಮುರಿದ ಕಂಬ, ಉದ್ದ ಅಳೆದಳು, ಅಳೆಯಬಾರದಿತ್ತು, ಸರಿಹೋಯಿತು, ಅದರ ಬಾಲದ ಕಡೆ ಬರುತ್ತಿರುವ ದಿಬ್ಬದ ಕಡಿದಾದ ಮುಖ, ಅಷ್ಟು ಹತ್ತಿರ, ಮುಂದಿನ ಸರ್ವೆಯ ಹೊತ್ತಿಗೆ ಹೊದಿಕೆ ಎಳೆದುಬಿಡುತ್ತದೆ. ದೋಣಿ ಇದ್ದರೇನಂತೆ, ಅವನು ಈಜಿ ಹೋಗಿರಬಹುದು, ಯಾರೋ ಎತ್ತಿಕೊಂಡಿರಬಹುದು, ಆಚೆ ದೇಶದ ಬಂದರಿನಲ್ಲಿ ಅವನ ಥರಾನೇ — ಇಲ್ಲ, ಹಗ್ಗ. ಹಗ್ಗವನ್ನು ಮರೆತೆಯಾ. ಒಬ್ಬನೇ ಹೋಗೋದಾದ್ರೆ ಸೊಂಟಕ್ಕೆ ಹಗ್ಗ ಕಟ್ಕೊಂಡು ಇನ್ನೊಂದು ತುದಿ ಕಂಬಕ್ಕೆ ಬಿಗಿದೇ ಹೋಗ್ಬೇಕು, ನನ್ನಾಣೆ, ಎಂದು ಹೇಳಿದವಳು ಯಾರು, ಬಿಚ್ಚಿಕೊಳ್ಳದಂಥ ಗಂಟು ಹಾಕಲು ಕಲಿಸಿದವಳು ಯಾರು, ಆಯ್ತು ಮಾರಾಯ್ತಿ, ಹಸು ಕಟ್ಟಿದ ಹಾಗೆ ಕಟ್ಕೋತೀನಿ, ನಿನ್ನಾಣೆ ತಪ್ಪಲ್ಲ — ಅವನು ಅಮ್ಮನ ಮಾತು ಒಂದೂ ಕೇಳಲಿಲ್ಲ, ಅಕ್ಕನ ಆಣೆ ಒಂದೂ ತಪ್ಪಲಿಲ್ಲ, ಕಡಲಿಗೆ ಬೀಳದಿರಲಿ ಎಂದು ಕಟ್ಟಿದ ಗಂಟು, ದೋಣಿ ಇರುವಲ್ಲಿ ಅವನಿದ್ದಾನೆ, ಇನ್ನೆಲ್ಲೂ ಇರಲಾರ.

ಮತ್ತೆ ಲ್ಯಾಬಿಗೆ ಬಂದದ್ದು ಹೇಗೋ, ಕಾಲುಗಳೇ ತಂದವು, ತಟ್ಟೆಯ ಮೇಲೆ ಹಕ್ಕಳೆ ಅಲ್ಲೇ ಇದೆ, ಕೆಂಪು, ಹಳದಿ, ಹಸಿರು, ಮೀಸೆಯ ಎಳೆ — ಯಾರಿಗೂ ಗೊತ್ತಿಲ್ಲ, ಈ ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೇ ಗೊತ್ತು, ಊದಿದರೆ ಹಾರಿಹೋಗುವಷ್ಟು ಹಗುರ, ಊದಲೇ, ಊದಿಬಿಟ್ಟರೆ ಏನಾಗುತ್ತದೆ, ನಾಳೆ ಡ್ರೆಜ್ಜರ್ ಬರುತ್ತದೆ, ಅದಾಗುತ್ತದೆ, ಮರಳು ಹೀರುವ ಹಡಗು ಆ ತಗ್ಗಿಗೇ ಬರುತ್ತದೆ, ಯಾಕೆಂದರೆ ದಡಕ್ಕೆ ಬೇಕಾದದ್ದು ಇದೇ ಮರಳು, ಕಡಲು ದಡದ ರಸ್ತೆಯನ್ನು ಕಚ್ಚಿಕಚ್ಚಿ ತಿಂದು ಈಗ ಮನೆಗಳ ಗೋಡೆಗೆ ಬಾಯಿ ಹಾಕಿದೆ, ಅಲ್ಲಿಗೆ ಮರಳು ಸುರಿಯಬೇಕು, ಸಣ್ಣ ಕಾಳು ಸುರಿದರೆ ಎರಡು ಅಲೆಗೆ ತೊಳೆದುಹೋಗುತ್ತದೆ, ಅರ್ಧ ಮಿಲಿಮೀಟರಿನ ಚೊಕ್ಕ ಮರಳೇ ಆಗಬೇಕು, ತಗ್ಗಿನ ಕಾಳು ಸರಿಯಿದೆ ಎಂದು ಅವಳು ಒಂದು ಮಾತು ಹೇಳಿದರೆ ಡ್ರೆಜ್ಜರ್ ತನ್ನ ಉದ್ದನೆಯ ಸೊಂಡಿಲನ್ನು ಅಲ್ಲೇ ಇಳಿಸುತ್ತದೆ, ಸೊಂಡಿಲಿಗೆ ಕಣ್ಣಿಲ್ಲ, ಹಲಗೆ, ಕಂಬ, ಹಗ್ಗ, ಹಗ್ಗದ ತುದಿ, ಎಲ್ಲವನ್ನೂ ಅರೆದು ಹೀರಿ ದಡದಲ್ಲಿ ಉಗುಳುತ್ತದೆ, ಅದರ ಮೇಲೆ ಮಕ್ಕಳು ಗುಡ್ಡೆ ಕಟ್ಟಿ ಆಡುತ್ತವೆ, ಕಿರುಬೆರಳಷ್ಟು ಬಿಳಿ ಚೂರೊಂದು ಸಿಕ್ಕರೆ ಚಿಪ್ಪು ಎಂದು ಜೇಬಿಗೆ ಹಾಕಿಕೊಳ್ಳುತ್ತವೆ — ಇಲ್ಲ, ಇಲ್ಲ ಇಲ್ಲ, ಹಾಗಾದರೆ ಹೇಳಿಬಿಡು, ಸರ್, ಅಲ್ಲಿ ದೋಣಿ ಇದೆ, ಮುಳುಗುಗಾರರು ಬರುತ್ತಾರೆ, ಪೊಲೀಸರು ಬರುತ್ತಾರೆ, ಮನೆಯ ಗಂಟೆ ಒತ್ತುತ್ತಾರೆ, ಅಮ್ಮ ಬಾಗಿಲು ತೆಗೆಯುತ್ತಾಳೆ, ಬಂದ್ಯೇನೋ ಎನ್ನುತ್ತಲೇ ತೆಗೆಯುತ್ತಾಳೆ, ಯಾವ ಗಂಟೆಯಾದರೂ ಅವಳು ಹಾಗೇ ತೆಗೆಯುವುದು, ಹಾಲಿನವನಿಗೂ ಅಭ್ಯಾಸವಾಗಿದೆ, ಅಲ್ಲಮ್ಮಾ ನಾನು — ಅವರು ಹಗ್ಗದ ತುಂಡು ತೋರಿಸಿ ಇದು ನಿಮ್ಮ ಮಗನದ್ದಾ ಎಂದು ಕೇಳುತ್ತಾರೆ, ಅಮ್ಮ ಮತ್ತೆ ಗೋಡೆಗೆ ಮುಖ ಮಾಡುತ್ತಾಳೆ, ಈ ಸಲ ಎಬ್ಬಿಸಲು ಯಾವ ನಾವಿಕ ಬರುತ್ತಾನೆ. ಅತ್ತ ದರಿ ಇತ್ತ ಪುಲಿ. ಇನ್ನೊಂದು ದಾರಿಯಿದೆ, ಅಷ್ಟು ಸುಲಭ, ಜರಡಿಗಳ ಎಲ್ಲಕ್ಕಿಂತ ಕೆಳಗಿನ, ತೂತಿಲ್ಲದ ಕುರುಡು ತಟ್ಟೆಯಲ್ಲಿ ಕೂತ ಧೂಳಿನಂಥ ಪುಡಿಯನ್ನು ಒಂದಕ್ಕೆರಡು ಮಾಡಿ ಹೇಳಿದರಾಯಿತು, ಕೆಸರು ಜಾಸ್ತಿ ಸರ್, ಕಾಳು ಸಣ್ಣದು, ಆ ತಗ್ಗು ಬೇಡ, ಅಷ್ಟೇ, ಡ್ರೆಜ್ಜರ್ ದೂರದ ಇನ್ನೊಂದು ಜಾಗಕ್ಕೆ ಹೋಗುತ್ತದೆ, ದಿಬ್ಬ ನಡೆದು ಬಂದು ಅವನ ಮೇಲೆ ಹೊದಿಕೆ ಎಳೆಯುತ್ತದೆ, ಅಮ್ಮ ಕಾಯುತ್ತಾಳೆ, ಕಾಯುತ್ತ ಬದುಕುತ್ತಾಳೆ — ಜನ್ಮದಲ್ಲಿ ಒಂದು ಕಾಳು ಹೆಚ್ಚುಕಮ್ಮಿ ಹೇಳದವಳು ಲೋಕದ ಕಣ್ಣಿಗೆ ಮಣ್ಣೆರಚುತ್ತಾಳೆ, ಮಣ್ಣೇ ತಾನೇ, ಅವಳ ಹತ್ತಿರ ಇರುವುದೂ ಅದೇ — ಆದರೆ ಆ ಇನ್ನೊಂದು ಜಾಗವನ್ನು ಇನ್ನೂ ಅಳೆದೇ ಇಲ್ಲ, ಅಳೆದು ಮರಳು ತರುವಷ್ಟರಲ್ಲಿ ಹುಣ್ಣಿಮೆಯ ಭರತ, ನಿನ್ನೆ ಆ ದಡದ ಮನೆಯ ಹೆಂಗಸೊಬ್ಬಳು ಆಫೀಸಿಗೇ ಬಂದು ನಿಂತಿದ್ದಳು, ಕಂಕುಳಲ್ಲಿ ಮಗು, ಗೋಡೆ ಬಿರುಕಲ್ಲಿ ನನ್ನ ಕೈ ಹೋಗುತ್ತೆ ಸರ್, ರಾತ್ರಿ ಮಕ್ಳನ್ನ ಯಾವ ಮೂಲೇಲಿ ಮಲಗಿಸ್ಲಿ ಹೇಳಿ, ಅರ್ಜೆಂಟ್ ಸರ್ ಮೊದಲ ಸಲ ಅರ್ಜೆಂಟ್ ಎನ್ನದೆ ತಮ್ಮ ಕುರ್ಚಿಯನ್ನೇ ಅವಳ ಕಡೆ ಸರಿಸಿದ್ದರು.

ಫೋನು ನಡುಗುತ್ತಿದೆ, ಮೇಜಿನ ಮೇಲಿನ ಮರಳೂ ಜೊತೆಗೆ ನಡುಗುತ್ತಿದೆ, ಅಮ್ಮ, ಎತ್ತದಿದ್ದರೆ ಮತ್ತೆ ಮಾಡುತ್ತಾಳೆ, ಎತ್ತಿದಳು, ಏನೇ, ಊಟ ಆಯ್ತಾ, ಹೂಂ, ಸುಳ್ಳು ಹೇಳ್ಬೇಡ, ನಿನ್ನ ಹೂಂ ನನಗೆ ಗೊತ್ತಿಲ್ವಾ, ಇರ್ಲಿ, ಅವನ ನಂಬರಿಗೆ ರೀಚಾರ್ಜ್ ಮಾಡ್ಸಿದ್ಯಾ, ಇವತ್ತೇ ಕೊನೇ ದಿನ, ಬಂದಾದ್ರೆ ಆ ನಂಬರ್ ಯಾರೋ ದಾರೀಲಿ ಹೋಗೋರಿಗೆ ಕೊಟ್ಬಿಡ್ತಾರಂತೆ, ಆಮೇಲೆ ಅವನು ಯಾವುದ್ರಿಂದ ಫೋನ್ ಮಾಡ್ತಾನೆ, ಮರ್ತುಬಿಟ್ಯಾ, ಇಲ್ಲಮ್ಮ, ಇಲ್ಲಮ್ಮ ಅಂದ್ರೆ ಏನು, ಮಾಡ್ಸಿದ್ಯೋ ಇಲ್ವೋ, ಈಗಲೇ ಮಾಡ್ತೀನಮ್ಮ, ಯಾಕೆ ಗಂಟಲು ಹಂಗಿದೆ, ಮರಳು, ಧೂಳು, ಮೂಗಿಗೆ ಬಟ್ಟೆ ಕಟ್ಕೊಂಡು ಕೆಲ್ಸ ಮಾಡು ಅಂದ್ರೆ ಕೇಳಲ್ಲ, ಅಕ್ಕ ತಮ್ಮ ಇಬ್ರೂ ಒಂದೇ ಅಚ್ಚು, ಮಾಡು ಮೊದ್ಲು, ನಾನು ಫೋನ್ ಇಡಲ್ಲ, ಲೈನಲ್ಲೇ ಇರ್ತೀನಿ — ಅವಳ ಹೆಬ್ಬೆರಳು ಅವನ ನಂಬರನ್ನು ಹುಡುಕಿತು, ಅವನ ಫೋಟೋ ಬಂತು, ಹಲ್ಲು ಕಿರಿದುಕೊಂಡು, ಹಿಂದೆ ಕೆಂಪು ದೋಣಿಯ ಮೂತಿ, ಒತ್ತಿದಳು, ಪರದೆಯಲ್ಲಿ ಚಕ್ರ ತಿರುಗಿತು, ಆಯಿತು, ನಿಮ್ಮ ರೀಚಾರ್ಜ್ ಯಶಸ್ವಿಯಾಗಿದೆ, ಆ ತಗ್ಗಿನಲ್ಲಿ, ಅಷ್ಟು ನೀರಿನ ಅಡಿಯಲ್ಲಿ, ಅವನ ಪ್ಯಾಂಟಿನ ಜೇಬಿನಲ್ಲಿ ಮರಳು ತುಂಬಿದ ಒಂದು ಫೋನಿಗೆ ಇನ್ನೊಂದಷ್ಟು ಕಾಲ ಆಯಸ್ಸು ಬಂತು, ಆಯ್ತೇನೇ, ಆಯ್ತಮ್ಮ, ಹಾಂ, ಈಗ ಸಮಾಧಾನ, ಅಮ್ಮನ ಉಸಿರು ಫೋನಿನಲ್ಲಿ ಉದ್ದಕ್ಕೆ ಇಳಿದದ್ದು ಕೇಳಿಸುತ್ತದೆ, ಆ ಉಸಿರು, ಆ ಒಂದು ಉಸಿರನ್ನು ನಿಲ್ಲಿಸಬೇಕಾದವಳು ತಾನೇ — ಬಾಗಿಲಲ್ಲಿ ಬೂಟಿನ ಸದ್ದು, ಅರ್ಜೆಂಟ್ ಸರ್, ಅಂಗಿಯ ತೋಳು ಮೇಲಕ್ಕೆ ಮಡಚಿ, ಹಿಂದೆ ಕಾರಿಡಾರಿನಲ್ಲಿ ನಿನ್ನೆಯ ಆ ಹೆಂಗಸು, ಕಂಕುಳಲ್ಲಿ ಅದೇ ಮಗು, ಡ್ರೆಜ್ಜರಿನೋರು ಲೈನಲ್ಲಿದ್ದಾರಮ್ಮ, ಆ ತಗ್ಗಿನ ಕಾಳು ಎಷ್ಟು ಬಂತು, ಒಂದೇ ಮಾತಲ್ಲಿ ಹೇಳು, ಹೋಗ್ಲಾ ಬೇಡ್ವಾ — ಕಿವಿಯಲ್ಲಿ ಅಮ್ಮ, ಯಾರೇ ಅದು ಪಕ್ಕದಲ್ಲಿ, ನಿಮ್ಮ ಸರ್ರಾ — ಅವಳು ಫೋನನ್ನು ಇಳಿಸಿಲ್ಲ, ಬಾಯಿ ತೆರೆದಿದ್ದಾಳೆ, ನಾಲಿಗೆಯ ತುದಿಯಲ್ಲಿ ಮೂರು ಮಾತು ಒಟ್ಟಿಗೆ ಬಂದು ನಿಂತಿವೆ, ಕೆಸರು ಸರ್, ಚೆನ್ನಾಗಿದೆ ಸರ್, ನನ್ನ ತಮ್ಮ ಸರ್ — ಯಾವುದು ಮೊದಲು ಬಿದ್ದರೂ ಉಳಿದೆರಡು ಮತ್ತೆಂದೂ ಹೊರಬರಲಾರವು, ಮಗು ಆಕಳಿಸುತ್ತದೆ, ಓವನ್ನು ಟಿಕ್ ಎನ್ನುತ್ತದೆ, ಸರ್ ಹುಬ್ಬು ಏರಿಸುತ್ತಾರೆ, ಅಮ್ಮ ಹಲೋ ಹಲೋ ಎನ್ನುತ್ತಾಳೆ, ತಟ್ಟೆಯ ಮೇಲೆ ಕೆಂಪು, ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ಹಸಿರು, ಹಳದಿಯಲ್ಲಿ ಒಂದು ಕಪ್ಪು ಎಳೆ, ದೋಣಿಗೆ ಮೀಸೆ ಬಂತಲ್ಲೇ, ಕೆಂಪು, ಹಳದಿ, ಹಸಿರು, ಒಂದು ಕಪ್ಪು ಎಳೆ, ಕೆಂಪು —

ಇಷ್ಟು ಹೊತ್ತು ಕೇಳಿದಿರಲ್ಲ, ಆ ಬಾಯಿ ನಿಮ್ಮದಾಗಿದ್ದರೆ ಏನು ಹೇಳುತ್ತಿದ್ದಿರಿ?